ಹೂಂಗುಟ್ಟುವವರ ಹೊಣೆ

ನಮ್ಮ ಕಡೆ ಕತೆ ಹೇಳುವವರು ಶುರು ಮಾಡೋ ಮೊದಲೇ ಒಂದು ಷರತ್ತು ಹಾಕ್ತಾರೆ: ‘ಹೂಂ ಅಂತಿರಬೇಕು, ಇಲ್ಲಾಂದ್ರೆ ಕತೆ ನಿಲ್ಲಿಸಿಬಿಡ್ತೀನಿ.’ ಮಗು ನಿದ್ದೆ ಹೋಯ್ತಾ ಅಂತ ನೋಡೋಕೆ ಇದೊಂದು ಉಪಾಯ ಅಂತಲೇ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಈ ಸಲ ಅವ್ವ ಆರು ತಿಂಗಳು ನಮ್ಮ ಜೊತೆ ಪೊವೇಯಲ್ಲಿ ಇದ್ದು ಹೋದ ಮೇಲೆ ಹಾಗೆ ಅನ್ನಿಸ್ತಿಲ್ಲ.

ಅವ್ವ ಕೊಳ್ಳೇಗಾಲದ ಕಡೆಯವಳು. ಒಂದು ಸಂಜೆ ಪೊವೇ ಕೆರೆಯ ಸುತ್ತ ನಡೆಯುವಾಗ ಒಣಗಿದ ಗುಡ್ಡ, ಅದರ ಮೇಲೆ ಯಾರೋ ತಂದು ಚೆಲ್ಲಿದ ಹಾಗಿರೋ ಬಂಡೆಗಳನ್ನ ನೋಡಿ, ‘ಇಲ್ಲೂ ಮಾದಪ್ಪನ ಬೆಟ್ಟ ಐತಲ್ಲ ಮಗಾ’ ಅಂದಳು. ಅವತ್ತು ರಾತ್ರಿ ಏಳು ವರ್ಷದ ನನ್ನ ಮಗಳು ‘ಅಜ್ಜಿ, ಮಾದಪ್ಪ ಅಂದ್ರೆ ಯಾರು?’ ಅಂತ ಕೇಳಿದಳು. ಅವ್ವ ಸಂಕಮ್ಮನ ಕತೆ ಎತ್ತಿಕೊಂಡಳು.

ಗೊತ್ತಿಲ್ಲದವರಿಗೆ ಎರಡು ಮಾತು. ಮಲೆ ಮಾದೇಶ್ವರ ಕಾವ್ಯವನ್ನು ಕಂಸಾಳೆ ಹಿಡಿದ ದೇವರಗುಡ್ಡರು ರಾತ್ರಿಯಿಡೀ ಹಾಡುತ್ತಾರೆ. ಅದರಲ್ಲಿ ಸಂಕಮ್ಮನದು ಒಂದು ದೊಡ್ಡ ಭಾಗ. ಗಂಡ ನೀಲಯ್ಯ ಕಾಡಿಗೆ ಹೊರಡುವ ಮೊದಲು, ನಾನಿಲ್ಲದಾಗ ತಪ್ಪು ನಡೆಯಲ್ಲ ಅಂತ ಬಲಗೈ ಮುಟ್ಟಿ ಭಾಷೆ ಕೊಡು ಅಂತಾನೆ. ಸಂಕಮ್ಮ ಕೊಡಲ್ಲ. ಅವನು ಅವಳನ್ನ ಘೋರವಾಗಿ ಹಿಂಸಿಸಿ, ಬಿಟ್ಟು ಹೋಗ್ತಾನೆ. ಮಾದಪ್ಪ ಅವಳ ಹತ್ತಿರ ಬರೋದು ಆಮೇಲೆ.

ಹಿಂಸೆಯ ಭಾಗ ಹತ್ತಿರ ಬರ್ತಿದ್ದ ಹಾಗೆ ನಾನು ಬಾಗಿಲಲ್ಲಿ ನಿಂತು, ‘ಅವ್ವಾ, ಅದೆಲ್ಲ ಬೇಡ, ಮಲಗೋ ಹೊತ್ತು. ಬೇಗ ಮುಗಿಸು’ ಅಂದೆ. ಅವ್ವ ನನ್ನ ಮುಖ ನೋಡಿದಳು. ಆಮೇಲೆ, ‘ಸಂಕಮ್ಮ ಒಬ್ಬಳೇ ಇದ್ಲು, ಮಾದಪ್ಪ ಬಂದ, ಎರಡು ಮಕ್ಕಳ ವರ ಕೊಟ್ಟ’ ಅಂತ ಮುಗಿಸಿಬಿಟ್ಟಳು. ಮಗಳು ಕೇಳಿದಳು: ‘ಆದ್ರೆ ಗಾಡ್ ಯಾಕೆ ಬಂದ್ರು?’

ಇಬ್ಬರ ಹತ್ರಾನೂ ಉತ್ತರ ಇರಲಿಲ್ಲ. ಉತ್ತರ ಇದ್ದ ಜಾಗವನ್ನೇ ನಾನು ಕತ್ತರಿಸಿ ಹಾಕಿದ್ದೆ.

ಮಾರನೇ ದಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಇದನ್ನ ಕಿರ್ಗಿಸ್ತಾನದಿಂದ ಬಂದ ಒಬ್ಬ ಸಹೋದ್ಯೋಗಿಗೆ ಹೇಳಿದೆ. ಅವನು ನಕ್ಕು, ‘ಇದು ನಮ್ಮ ಮನಾಸ್‌ಗೂ ಆಗಿದೆ’ ಅಂದ. ಅಲ್ಲಿಂದ ನನ್ನ ಓದು ಶುರುವಾಯ್ತು.

ಮನಾಸ್ ಕಿರ್ಗಿಜ್ ಜನರ ಮಹಾಕಾವ್ಯ. ವೀರ ಮನಾಸ್, ಅವನ ಮಗ ಸೆಮೆತೆಯ್, ಮೊಮ್ಮಗ ಸೆಯ್ತೆಕ್, ಹೀಗೆ ಮೂರು ತಲೆಮಾರಿನ ಕತೆ. ಹಾಡುವವನನ್ನು ಮನಾಸ್ಚಿ ಅಂತಾರೆ. ಕನಸಿನಲ್ಲಿ ಮನಾಸ್ ಅಥವಾ ಅವನ ಕಡೆಯವರು ಬಂದು ಹಾಡು ಅಂತ ಕರೆದರು, ಅದಕ್ಕೇ ಹಾಡ್ತೀನಿ ಅನ್ನೋದು ಈ ಹಾಡುಗಾರರ ವಾಡಿಕೆಯ ಮಾತು. ಸಯಾಕ್‌ಬಾಯ್ ಕರಲಾಯೆವ್ (1894–1971) ಹಾಡಿ ಬರೆಸಿದ ಪಾಠದಲ್ಲಿ 5 ಲಕ್ಷ ಸಾಲುಗಳಿವೆ. ಮಹಾಭಾರತದ ಲಕ್ಷ ಶ್ಲೋಕವನ್ನು ಎರಡೆರಡು ಸಾಲು ಅಂತ ಎಣಿಸಿದರೂ ಇದು ಅದರ ಎರಡೂವರೆ ಪಟ್ಟು. 2013ರಲ್ಲಿ ಯುನೆಸ್ಕೋ ಈ ಮೂರು ಭಾಗದ ಕಾವ್ಯವನ್ನು ತನ್ನ ಪಟ್ಟಿಗೆ ಸೇರಿಸಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಉದ್ದ ಅಲ್ಲ. 1860ರ ದಶಕದಲ್ಲಿ ರಷ್ಯಾದ ಸೇವೆಯಲ್ಲಿದ್ದ ವಿದ್ವಾಂಸ ವಿಲ್‌ಹೆಲ್ಮ್ ರಾಡ್ಲೋಫ್ ಕಿರ್ಗಿಜ್ ಹಾಡುಗಾರರ ಬಾಯಿಂದ ಮನಾಸ್ ಬರೆದುಕೊಂಡು, 1885ರಲ್ಲಿ ಪ್ರಕಟಿಸಿದ. ಅವನ ಎದುರು ಹಾಡಿದ ಪಾಠದಲ್ಲಿ ಮನಾಸ್ ‘ಬಿಳಿಯ ತ್ಸಾರ್’ನ, ಅಂದರೆ ರಷ್ಯಾದ ಚಕ್ರವರ್ತಿಯ ಸ್ನೇಹಿತ! ಇದು ಹೇಗೆ ಬಂತು ಅಂತ ರಾಡ್ಲೋಫ್‌ಗೇ ಅರ್ಥವಾಯ್ತು: ಎದುರಿಗೆ ಕೂತಿರೋದು ರಷ್ಯಾದ ಅಧಿಕಾರಿ, ಅವನಿಗೆ ಇಷ್ಟವಾಗಲಿ ಅಂತ ಹಾಡುಗಾರ ಸೇರಿಸಿದ್ದು. ಅವನು ಏನನ್ನೂ ಕೇಳಿರಲಿಲ್ಲ, ಬೆದರಿಸಿರಲಿಲ್ಲ. ಸುಮ್ಮನೆ ಕೂತಿದ್ದ. ಅಷ್ಟೇ ಸಾಕಾಯ್ತು.

ನನ್ನ ಕೆಲಸ ಡೇಟಾ. ಪ್ರಶ್ನೆ ಕೇಳುವವರು ಯಾರು ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ ಅನ್ನೋದು ನಮ್ಮಲ್ಲಿ ಮೊದಲ ಪಾಠ. ಆಫೀಸಿನಲ್ಲಿ ದಿನಾ ಹೇಳೋ ಮಾತು ಮನೆಯಲ್ಲಿ ನೆನಪಾಗಿರಲಿಲ್ಲ.

ನಮ್ಮ ಕರ್ನಾಟಕದಲ್ಲೇ ಇದರ ಇನ್ನೊಂದು ಮುಖ ಇದೆ. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು ತುಳು ಕಾವ್ಯಗಳ ದೊಡ್ಡ ಹಾಡುಗಾರರು. ಕೋಟಿ ಚೆನ್ನಯರ ಕತೆಯನ್ನು ಆಕಾಶವಾಣಿಗೆ 20 ನಿಮಿಷದಲ್ಲಿ ಹಾಡಿ ಮುಗಿಸಿದ್ದರು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ನಿಮಗೆ ಬೇಕಾದಷ್ಟು ಹೊತ್ತು ಹಾಡಿ ಅಂದಾಗ ಅದೇ ಕತೆ 15 ಗಂಟೆ ಹಿಡಿಯಿತು. 1990ರ ಡಿಸೆಂಬರಿನಲ್ಲಿ ಅವರು ಹಾಡಿದ ಸಿರಿ ಕಾವ್ಯ 15,683 ಸಾಲು. ಹೊಂಕೊ ತಂಡದ ಜೊತೆ ವಿವೇಕ ರೈ, ಚಿನ್ನಪ್ಪ ಗೌಡರು ದುಡಿದು 1998ರಲ್ಲಿ ಅದು ಪುಸ್ತಕವಾಯಿತು. ಆ 15 ಗಂಟೆ ಮೊದಲೂ ಅವರೊಳಗೆ ಇತ್ತು. ಕೂತು ಕೇಳುವವರು ಬರಬೇಕಿತ್ತು.

ನಾವು ಹೊರದೇಶದ ಕನ್ನಡಿಗರು ಸೇರಿದಾಗಲೆಲ್ಲ ಒಂದು ಮಾತು ಬರುತ್ತೆ: ಹೇಳುವವರೇ ಇಲ್ಲ, ಹಿರಿಯರ ಜೊತೆ ಎಲ್ಲ ಹೋಯ್ತು. ಈ ದೂರು ನನಗೀಗ ಅರ್ಧ ಸುಳ್ಳು ಅನ್ನಿಸುತ್ತೆ. ಕೇಳುವವರು ಅದಕ್ಕೂ ಮೊದಲೇ ಎದ್ದು ಹೋಗಿರ್ತೀವಿ.

ಹಾಗಂತ ಕತೆ ಬದಲಿಸೋದೇ ಪಾಪ ಅಂತ ಅಲ್ಲ. ತುರ್ಕಿಕ್ ಭಾಷೆಗಳಲ್ಲೇ ಹರಡಿರುವ ಇನ್ನೊಬ್ಬ ವೀರನನ್ನು ನೋಡಿ. ತುರ್ಕಿಯಲ್ಲಿ ಅವನು ಕೊರೊಗ್ಲು, ಅಂದರೆ ಕುರುಡನ ಮಗ. ತುರ್ಕಮೆನರಲ್ಲಿ ಗೊರೊಗ್ಲಿ, ಅಂದರೆ ಗೋರಿಯ ಮಗ; ಅಲ್ಲಿ ಅವನು ತಾಯಿಯ ಸಮಾಧಿಯೊಳಗೆ ಹುಟ್ಟಿದವನು. ಹೆಸರಿನ ಒಂದು ಸದ್ದು ಬದಲಾಗಿ ಹುಟ್ಟಿನ ಕತೆಯೇ ಬೇರೆ ಆಗಿದೆ. ಎರಡೂ ಬದುಕಿವೆ. ಅವ್ವ ಕೂಡ ನನಗೆ ಏಳು ವರ್ಷ ಆಗಿದ್ದಾಗ ಈ ಕತೆಯಲ್ಲಿ ಏನೇನೋ ಬಿಟ್ಟೇ ಹೇಳಿರಬೇಕು.

ಹಾಗಾದ್ರೆ ನಾನು ಮಾಡಿದ್ದರಲ್ಲಿ ತಪ್ಪೇನು? ಬಹಳ ದಿನ ಯೋಚನೆ ಮಾಡಿದೆ. ಹೇಳುವವಳು ಎದುರಿನ ಮಗುವಿನ ಕಣ್ಣು ನೋಡಿ ಒಂದು ಮಾತು ನುಂಗಿದರೆ, ಅದು ಅವಳ ವಿವೇಕ. ಕತೆಗೆ ಎಷ್ಟು ಬೇಕು, ಮಗುವಿಗೆ ಎಷ್ಟು ಸಾಕು, ಎರಡೂ ಅವಳಿಗೆ ಗೊತ್ತು. ನಾನು ಹೇಳಿದವನೂ ಅಲ್ಲ, ಕೇಳಿದವನೂ ಅಲ್ಲ. ಬಾಗಿಲಲ್ಲಿ ನಿಂತವನು. ಟಿಕೆಟ್ ತೆಗೆಸಿದ್ದು ನಾನು, ಮನೆ ನನ್ನದು, ಕಾರಿನ ಕೀ ನನ್ನ ಹತ್ರ. ಇಲ್ಲಿ ಅವ್ವನಿಗೆ ಒಬ್ಬಳೇ ಅಂಗಡಿಗೆ ಹೋಗೋಕೂ ಆಗಲ್ಲ. ನಾನು ಮೆಲ್ಲಗೆ ಹೇಳಿದ ‘ಬೇಡ’ ಕೂಡ ಅವಳಿಗೆ ಅಪ್ಪಣೆ. ರಾಡ್ಲೋಫ್‌ಗೆ ತಾನು ಅಲ್ಲಿ ಇರೋದರ ಭಾರ ಗೊತ್ತಾಗಿತ್ತು. ನನಗೆ ನನ್ನದು ಗೊತ್ತಾಗಲಿಲ್ಲ.

ಪೂರ್ತಿ ಅರ್ಥವಾಗದವರು ಹೂಂಗುಟ್ಟಬಹುದಾ ಅಂತ ಇಲ್ಲಿ ಹುಟ್ಟಿ ಬೆಳೆದ ಓದುಗರು ಕೇಳಬಹುದು. ಖಂಡಿತ. ನನಗೂ ಅವ್ವನ ಎಷ್ಟೋ ಮಾತು ಅರ್ಥವಾಗಲ್ಲ. ಅರ್ಥವಾಗದಿದ್ದರೆ ಕೇಳಿ, ಹೇಳುವವರು ನಿಂತು ಬಿಡಿಸಿ ಹೇಳ್ತಾರೆ. ನಮಗೆ ಇಷ್ಟವಾಗದ್ದನ್ನೂ ಹೇಳೋಕೆ ಅವರಿಗೆ ಜಾಗ ಬಿಡೋದಷ್ಟೇ ನಮ್ಮ ಹೊಣೆ ಅಂತ ನನಗನ್ನಿಸುತ್ತೆ.

ಅವ್ವ ಊರಿಗೆ ಹೊರಡೋ ಹಿಂದಿನ ವಾರ, ಮಗಳು ಮಲಗಿದ ಮೇಲೆ, ‘ಅವ್ವಾ, ಸಂಕಮ್ಮನ ಕತೆ ನನಗೆ ಹೇಳು’ ಅಂದೆ. ‘ನಿಂಗ್ಯಾಕೆ ಈಗ?’ ಅಂದಳು. ಮೂರು ರಾತ್ರಿ ಹಿಡಿಯಿತು. ಕೆಲವು ಕಡೆ ಮರೆತಳು, ‘ಇಲ್ಲಿ ನಮ್ಮವ್ವ ಬೇರೆ ಏನೋ ಹೇಳೋಳು’ ಅಂದು ಸುಮ್ಮನಾದಳು. ಹಿಂಸೆಯ ಭಾಗದಲ್ಲಿ ದನಿ ತಗ್ಗಿಸಿದಳು, ಆದರೆ ಬಿಡಲಿಲ್ಲ. ‘ಭಾಷೆ ಕೊಟ್ಟುಬಿಟ್ಟಿದ್ರೆ ಏನಾಗ್ತಿತ್ತು?’ ಅಂತ ಕೇಳಿದೆ. ‘ಕೊಟ್ಟಿದ್ರೆ ಅವನ ಅನುಮಾನ ಸರಿ ಅಂತ ಇವಳೇ ಒಪ್ಪಿದಂಗೆ ಆಗ್ತಿತ್ತು ಕಣ್ ಮಗಾ’ ಅಂದಳು.

ಮಗಳ ಪ್ರಶ್ನೆ ಇನ್ನೂ ಹಾಗೇ ಇದೆ. ಈಗ ಭಾನುವಾರ ಬೆಳಿಗ್ಗೆ ಅಜ್ಜಿಗೆ ವೀಡಿಯೊ ಕಾಲ್ ಮಾಡಿ ಫೋನನ್ನ ಅವಳ ಕೈಗೆ ಕೊಡ್ತೀನಿ. ನಾನು ಅಡುಗೆಮನೆಯಲ್ಲಿ ಇರ್ತೀನಿ. ಎಷ್ಟು ಹೇಳಬೇಕು, ಯಾವಾಗ ಹೇಳಬೇಕು ಅನ್ನೋದು ಅವರಿಬ್ಬರಿಗೆ ಬಿಟ್ಟಿದ್ದು. ಅಲ್ಲಿಂದ ಆಗಾಗ ಒಂದು ‘ಹೂಂ’ ಕೇಳಿಸುತ್ತೆ.