ಚೌಕದ ಮೇಲೆ ಚೌಕ

ಎರಡು ಸಮಚೌಕಗಳನ್ನು ಕೂಡಿಸುವ ಬಗೆ ಎರಡು. ಒಂದರ ಬದಿಗೆ ಇನ್ನೊಂದನ್ನು ಇಡಬಹುದು. ಇಲ್ಲವೆ ಒಂದರ ಮೇಲೆ ಇನ್ನೊಂದನ್ನು ಹೊರಳಿಸಿ ಇಡಬಹುದು. ಈ ಸಣ್ಣ ಲೆಕ್ಕದಲ್ಲಿ ಬಾಳಿನ ದೊಡ್ಡ ಪ್ರಶ್ನೆಯೊಂದು ಅಡಗಿದೆಯೆಂದು ನನಗೆ ತೋರುತ್ತದೆ. ಕೂಡಿ ಬಾಳುವುದೆಂದರೆ ಪಕ್ಕದಲ್ಲಿರುವುದೋ, ಒಬ್ಬರೊಳಗೊಬ್ಬರು ಹಾಯುವುದೋ?

ಮೊದಲ ಬಗೆಯನ್ನು ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಯ ಕೌದಿಗಳಲ್ಲಿ ಕಾಣಬಹುದು. ಹಳೆಯ ಸೀರೆಯ ತುಂಡು, ಧೋತರದ ತುಂಡು, ಕುಪ್ಪಸದ ತುಂಡು ಅಂಚಿಗೆ ಅಂಚು ತಗಲಿ ಕೂತಿರುತ್ತವೆ. ಯಾವುದೂ ತನ್ನ ಬಣ್ಣ ಬಿಟ್ಟುಕೊಡದು. ಇದು ನೆರೆಹೊರೆಯ ನೀತಿ: ನಿನ್ನ ಅಂಗಳ ನಿನಗೆ, ನನ್ನದು ನನಗೆ. ಒಳ್ಳೆಯದೇ. ಆದರೆ ತುಂಡುಗಳನ್ನು ಹಿಡಿದಿಟ್ಟಿರುವುದು ಅಂಚುಗಳಲ್ಲ, ಎಲ್ಲವನ್ನೂ ದಾಟಿ ಹಾಯುವ ಹೊಲಿಗೆ.

ಎರಡನೆಯ ಬಗೆಗೆ ವಿಜಯಪುರಕ್ಕೆ ಹೋಗಬೇಕು. ಹುಕ್ಕೇರಿಯಲ್ಲೂ ಆದಿಲ್‌ಶಾಹಿ ಕಾಲದ ಗುಮ್ಮಟಗಳುಂಟು. ಆದರೆ 1656ರಲ್ಲಿ ಮುಗಿದ ಗೋಲಗುಮ್ಮಟದ ಹಿರಿಮೆಯೇ ಬೇರೆ. ಕೆಳಗೆ ಚೌಕದ ಹಜಾರ, ಮೇಲೆ ಸುಮಾರು 38 ಮೀಟರ್ ಒಳವ್ಯಾಸದ ದುಂಡು ಗುಮ್ಮಟ. ನಡುವೆ, ಹೊರಳಿಸಿಟ್ಟ ಎರಡು ಚೌಕಗಳ ರೇಖೆ ಹಿಡಿದು ಎಂಟು ಕಮಾನುಗಳು ಒಂದನ್ನೊಂದು ದಾಟುತ್ತವೆ. ಅಷ್ಟು ಭಾರ ನಿಂತಿರುವುದು ಆ ದಾಟುವಿಕೆಯ ಬಲದಿಂದ. ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ಗುಡಿಯಲ್ಲಿ, ಚಾಲುಕ್ಯರ ಕಾಲದಲ್ಲಿಯೇ, 24 ಮೂಲೆಗಳ ನಕ್ಷತ್ರದ ತಳವಿನ್ಯಾಸ ಮೂಡಿತ್ತು. ಒಂದೇ ಕೇಂದ್ರದ ಸುತ್ತ ಆರು ಚೌಕಗಳನ್ನು ಸಮನಾಗಿ ಹೊರಳಿಸಿದರೆ ಅಂಥ ಆಕಾರ ಬರುತ್ತದೆ.

ಇದಕ್ಕೆ ಬೆಲೆಯೂ ಉಂಟು. ಎರಡು ಸಮಚೌಕಗಳನ್ನು 45 ಅಂಶ ಹೊರಳಿಸಿಟ್ಟರೆ, ಪ್ರತಿಯೊಂದರ ನೂರು ಪಾಲಿನಲ್ಲಿ ಸುಮಾರು 83 ಪಾಲು ಇಬ್ಬರದೂ ಆಗುತ್ತದೆ. ತನ್ನದೇ ಎಂದು ಉಳಿಯುವುದು ಸುಮಾರು 17 ಪಾಲು, ಬರಿಯ ನಾಲ್ಕು ಮೂಲೆಗಳು. ಜಿಪುಣನಿಗೆ ಇದು ನಷ್ಟದ ವ್ಯಾಪಾರ. ಆದರೆ ನಕ್ಷತ್ರ ಕಾಣುವುದು ಆ ಮೂಲೆಗಳಿಂದಲೇ.

ಹಾಗಾದರೆ ಬೆರೆಯುವುದೇ ಧರ್ಮವೆನ್ನೋಣವೇ? ಅಷ್ಟು ಸುಲಭವಲ್ಲ. ಹೊರಳಿಸದೆ ಒಂದರ ಮೇಲೊಂದನ್ನು ನೇರವಾಗಿ ಇಟ್ಟರೆ ಕೆಳಗಿನದು ಮುಚ್ಚಿಹೋಗುತ್ತದೆ. ಮೇಲಿರುವವನು ಅದನ್ನೇ ಐಕ್ಯವೆಂದು ಕರೆಯುತ್ತಾನೆ. "ನಾವೆಲ್ಲ ಒಂದೇ" ಎಂಬ ಮಾತು ಮನೆಯಲ್ಲಿ ಸೊಸೆಯ ಬಾಯಿಂದ ಮೊದಲು ಬರುವುದು ಅಪರೂಪ. ಗಡಿನಾಡಿನಲ್ಲಿ ಕಡಮೆ ಜನರಾಡುವ ಭಾಷೆಯಿಂದಲೂ ಅಷ್ಟೆ. ಒಂದು ಚೌಕ ಚಿಕ್ಕದಾದರಂತೂ ದೊಡ್ಡದರ ಹೊಟ್ಟೆಯಲ್ಲಿ ಅದರ ಗುರುತೇ ಉಳಿಯದು.

ಆದ್ದರಿಂದ ಐಕ್ಯದ ಮಾತು ಕೇಳಿಬಂದಾಗಲೆಲ್ಲ ನಾನು ಒಂದನ್ನು ಹುಡುಕುತ್ತೇನೆ: ಕೆಳಗಿನವನ ನಾಲ್ಕು ಮೂಲೆಗಳು ಹೊರಗೆ ಕಾಣುತ್ತಿವೆಯೇ? ಕಾಣುತ್ತಿದ್ದರೆ ನಡುವಿನದೆಲ್ಲವನ್ನೂ ಹಂಚಿಕೊಂಡರೂ ಚಿಂತೆಯಿಲ್ಲ. ಕಾಣದಿದ್ದರೆ ಕೌದಿಯಂತೆ ಪಕ್ಕಪಕ್ಕದಲ್ಲಿರುವುದೇ ಮೇಲು.