ಎಲ್ಲೆಯ ಮರ ಮತ್ತು ಶ್ರಾವಕಧರ್ಮ



ಭೂಮಿಯನ್ನು ಅಳೆದು ಎಲ್ಲೆ ಕಟ್ಟುವುದು ಮನುಷ್ಯನ ಕಾರ್ಯ. ಮರಕ್ಕೆ ಆ ಎಲ್ಲೆಯ ಅರಿವಿಲ್ಲ. ಬೇರು ತೇವವಿದ್ದತ್ತ ಸಾಗುತ್ತದೆ, ಕೊಂಬೆ ಬೆಳಕಿದ್ದತ್ತ ಚಾಚುತ್ತದೆ. ಆದುದರಿಂದ ಬೇಲಿಯ ಬದಿಯಲ್ಲಿ ನೆಟ್ಟ ಸಸಿಯೊಂದು ಇಪ್ಪತ್ತು ವರ್ಷಗಳಲ್ಲಿ ಎರಡು ಮನೆಗಳ ಮರವಾಗಿಬಿಡುತ್ತದೆ. ಒಡೆತನ ಮಾತ್ರ ಒಂದೇ ಮನೆಯದಾಗಿ ಉಳಿಯುತ್ತದೆ. ತನ್ನ ನೆಲದೊಳಗೆ ತಾನು ನೆಟ್ಟ ಮರದಿಂದ ನೆರೆಯವನಿಗೆ ಒದಗುವ ತೊಂದರೆಗೆ ಶ್ರಾವಕನು ಎಷ್ಟರಮಟ್ಟಿಗೆ ಹೊಣೆಗಾರನು? ಆ ಮರವನ್ನು ಮುಂದೊಂದು ದಿನ ಕಡಿಯಬೇಕಾಗಿ ಬಂದರೆ ಆ ಹಿಂಸೆ ಯಾರ ಪಾಲಿನದು? ಕೃಷಿಯನ್ನೇ ನಂಬಿ ಬಾಳುವ ನಮ್ಮ ಸಮಾಜದವರು ಆಲೋಚಿಸಬೇಕಾದ ಪ್ರಶ್ನೆಗಳಿವು.

ಕಲ್ಪೆಟ್ಟ, ಪುಳಿಯಾರ್‌ಮಲ, ಮಾನಂದವಾಡಿ, ಸುಲ್ತಾನ್ ಬತ್ತೇರಿ ಮುಂತಾದೆಡೆ ನೆಲೆಸಿರುವ ನಮ್ಮ ಮನೆಗಳಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಬಸದಿಯಲ್ಲಿ ಜೊತೆಗೆ ಕೈಮುಗಿಯುವವರೆಲ್ಲ ಸ್ವಧರ್ಮೀಯರು. ಬೇಲಿಯ ಆಚೆಗಿರುವವರು ಹಾಗಲ್ಲ. ಅವರಲ್ಲಿ ತಿರುವಾಂಕೂರಿನ ಕಡೆಯಿಂದ ಬೆಟ್ಟ ಹತ್ತಿ ಬಂದು ನೆಲೆಸಿದ ಕ್ರೈಸ್ತ ಕೃಷಿಕರಿದ್ದಾರೆ, ಮುಸಲ್ಮಾನ ಬಂಧುಗಳಿದ್ದಾರೆ, ನಮಗಿಂತಲೂ ಹಿಂದಿನಿಂದ ಈ ನೆಲವನ್ನು ಬಲ್ಲ ಕುರಿಚ್ಯರು, ಕುರುಮರು ಇದ್ದಾರೆ. ನಾವು ಎಲ್ಲೆ ಎನ್ನುವುದನ್ನು ಅವರು ಅತಿರು ಎನ್ನುತ್ತಾರೆ. ನಾವು ನೆರೆಯವನೆಂದು ಕರೆಯುವವನನ್ನು ಅವರು ಅಯಲ್‌ಕ್ಕಾರನ್ ಎನ್ನುತ್ತಾರೆ. 1998ರಲ್ಲಿ ಕೇರಳದಲ್ಲಿ ಆರಂಭವಾದ ಕುಟುಂಬಶ್ರೀ ಯೋಜನೆಯು ತನ್ನ ತಳಮಟ್ಟದ ಸಂಘಕ್ಕೆ ಅಯಲ್‌ಕೂಟ್ಟಂ, ಅಂದರೆ ನೆರೆಹೊರೆಯ ಕೂಟ ಎಂಬ ಹೆಸರನ್ನೇ ಇಟ್ಟಿದೆ. ಈ ನೆರೆಯವರು ನಮ್ಮ ಧರ್ಮವನ್ನು ಗ್ರಂಥಗಳಿಂದ ಓದಿ ತಿಳಿಯುವುದಿಲ್ಲ. ನಮ್ಮ ಬೇಲಿಯನ್ನು ನೋಡಿ ತಿಳಿಯುತ್ತಾರೆ.

ಬೇಲಿಯ ಬದಿಯಲ್ಲಿ ನಾವು ನೆಡುವುದೇನು? ಕರಿಮೆಣಸಿನ ಬಳ್ಳಿ ಹಬ್ಬಿಸಲು ಸಿಲ್ವರ್ ಓಕ್, ಹಾಲವಾಣ; ಗೊಬ್ಬರದ ಸೊಪ್ಪಿಗಾಗಿ ಗ್ಲಿರಿಸೀಡಿಯಾ; ಗಾಳಿ ತಡೆಯಲು ಬಿದಿರು; ಹಣ್ಣಿಗಾಗಿ ಹಲಸು, ಮಾವು. ತೋಟದ ನಡುವಿನ ಜಾಗವನ್ನು ಕಾಫಿಗೆ, ಅಡಿಕೆಗೆ ಬಿಟ್ಟು ಎತ್ತರದ ಮರಗಳನ್ನೆಲ್ಲ ಅಂಚಿಗೆ ಸರಿಸುವುದು ಕೃಷಿಕನಿಗೆ ಸಹಜವಾಗಿ ಕಾಣುವ ಲೆಕ್ಕ. ತನ್ನ ಬೆಳೆಗೆ ನೆರಳಾಗಬಾರದೆಂಬುದು ಆ ಲೆಕ್ಕದ ಒಳಗಿರುವ ಮಾತು. ಹಾಗಾದರೆ ನೆರಳು ಯಾರ ಬೆಳೆಯ ಮೇಲೆ ಬೀಳಬೇಕು? ಇದನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲವಾದರೂ ಸಸಿ ನೆಡುವ ಕೈ ಅದನ್ನು ಹೇಳಿರುತ್ತದೆ.

ನೆರಳಿನ ಗಣಿತವನ್ನು ಕೊಂಚ ನೋಡೋಣ. ವಯನಾಡಿನ ಅಕ್ಷಾಂಶದಲ್ಲಿ ಡಿಸೆಂಬರ್ ತಿಂಗಳ ಉತ್ತರಾರ್ಧದ ನಡುಹಗಲಿನಲ್ಲಿಯೂ ಸೂರ್ಯನು ದಕ್ಷಿಣಕ್ಕೆ ವಾಲಿರುವುದರಿಂದ 40 ಅಡಿ ಎತ್ತರದ ಮರದ ನೆರಳು ಉತ್ತರದ ಕಡೆಗೆ ಸುಮಾರು 28 ಅಡಿ ದೂರ ಬೀಳುತ್ತದೆ. ಜೂನ್ ತಿಂಗಳಿನಲ್ಲಿ ಅದೇ ನೆರಳು ದಕ್ಷಿಣಕ್ಕೆ ಎಂಟೊಂಬತ್ತು ಅಡಿಯಷ್ಟೇ ಚಾಚುತ್ತದೆ. ನಮ್ಮ ತೋಟದ ಉತ್ತರದ ಎಲ್ಲೆಯಲ್ಲಿ ನಿಂತ ಮರದ ನೆರಳು ಚಳಿಗಾಲದಲ್ಲಿ ನೆರೆಯವನ ನೆಲಕ್ಕೆ ಹೋಗುತ್ತದೆಂದಾಯಿತು. ಕಾಫಿ ಕೊಯ್ಲು ಮುಗಿಸಿ ಕಣದಲ್ಲಿ ಒಣಹಾಕುವ ಕಾಲವೂ ಅದೇ. ಆ ಮನೆಯವರು ವರ್ಷದ ದುಡಿಮೆಯನ್ನು ಬಿಸಿಲಿಗೆ ಹರಡಿ ಕುಳಿತಿರುವಾಗ ನಮ್ಮ ಮರ ಆ ಬಿಸಿಲನ್ನು ತಡೆದು ನಿಂತಿರುತ್ತದೆ. ಒಣಗದ ಕಾಫಿಗೆ ಬೂಷ್ಟು ಹಿಡಿದರೆ ಬೆಲೆ ಇಳಿಯುತ್ತದೆ.

ಇದು ಕಳವೇ? ಕೊಡದಿರುವುದನ್ನು ತೆಗೆದುಕೊಳ್ಳುವುದೇ ಕಳವೆಂದು ತತ್ತ್ವಾರ್ಥಸೂತ್ರವು ಲಕ್ಷಣ ಹೇಳುತ್ತದೆ. ಆದರೆ ಕೊಡುವ ಕೊಳ್ಳುವ ವ್ಯವಹಾರ ಎಲ್ಲಿ ಸಂಭವಿಸುವುದೋ ಅಲ್ಲಿ ಮಾತ್ರ ಕಳವಿನ ಮಾತು ಸಲ್ಲುತ್ತದೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಬಿಸಿಲನ್ನು ಯಾರೂ ಯಾರಿಗೂ ಕೊಡುವುದಿಲ್ಲ. ಬೇರು ನೆಲದಾಳದಲ್ಲಿ ಹೀರುವ ನೀರಿಗೆ ಲೆಕ್ಕವಿಲ್ಲ. ಆದುದರಿಂದ ನೆರಳು ಚೆಲ್ಲಿದವನನ್ನು ಕಳ್ಳನೆಂದು ಕರೆಯುವುದು ಶಾಸ್ತ್ರಸಮ್ಮತವಾಗಲಾರದು. ಅವನ ದೋಷವನ್ನು ಬೇರೊಂದು ಕಡೆ ಹುಡುಕಬೇಕು. ಅದರ ಹೆಸರು ಪ್ರಮಾದ.

ಪ್ರಮಾದಯುಕ್ತವಾದ ಯೋಗದಿಂದ ಪ್ರಾಣಕ್ಕೆ ಉಂಟಾಗುವ ಘಾತವೇ ಹಿಂಸೆಯೆಂಬುದು ನಮ್ಮ ಆಚಾರ್ಯರ ನಿರೂಪಣೆ. ಘಾತವೆಷ್ಟು ಎಂಬುದರ ಜೊತೆಗೆ ಎಚ್ಚರವಿತ್ತೇ ಎಂಬ ಪ್ರಶ್ನೆಯನ್ನೂ ಅವರು ಕೇಳುತ್ತಾರೆ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರು ಬಾಗಿಲುಗಳಿಂದಲೂ ದೋಷವು ಒಳಬರುತ್ತದೆಂದು ಎಚ್ಚರಿಸುತ್ತಾರೆ. ಈಗ ಎಲ್ಲೆಯ ಮರವನ್ನು ನೋಡಿರಿ. ಗೋಡೆಯಿಂದ ಎರಡಡಿ ದೂರದಲ್ಲಿ ನೆಟ್ಟ ಹಲಸಿನ ಸಸಿ ಮೂವತ್ತು ವರ್ಷಗಳ ತರುವಾಯ ಗೋಡೆಯನ್ನು ಬಿರಿಯುತ್ತದೆ, ಅದರ ಕೊಂಬೆ ಆಚೆಯ ಮನೆಯ ಹೆಂಚಿನ ಮೇಲೆ ಬಾಗುತ್ತದೆ. ಆಗ ಕೊಡಲಿ ಬರುತ್ತದೆ. ಆ ವೇಳೆಗೆ ಮರದಲ್ಲಿ ಹಕ್ಕಿಯ ಗೂಡಿದೆ, ಪೊಟರೆಯಲ್ಲಿ ಅಳಿಲಿದೆ, ತೊಗಟೆಯ ತುಂಬ ಇರುವೆಗಳಿವೆ. ಕೊಡಲಿ ಹಿಡಿದವನು ನೆರೆಯವನಾಗಿರಬಹುದು, ಕೂಲಿಯವನಾಗಿರಬಹುದು. ಆದರೆ ಆ ಮರವನ್ನು ಕಡಿಯುವುದು ಅನಿವಾರ್ಯವಾಗುವಂತೆ ಮಾಡಿದ್ದು ಮೂವತ್ತು ವರ್ಷಗಳ ಹಿಂದಿನ ಎರಡಡಿಯ ಲೆಕ್ಕ. ನೆಟ್ಟವನು ಅಂದೇ ಹತ್ತು ಹದಿನೈದು ಅಡಿ ಒಳಗೆ ಸರಿದಿದ್ದರೆ ಮರವೂ ಉಳಿಯುತ್ತಿತ್ತು, ಗೋಡೆಯೂ ಉಳಿಯುತ್ತಿತ್ತು, ಮಾತೂ ಉಳಿಯುತ್ತಿತ್ತು. ಗಿಡ ನೆಡುವುದು ಪುಣ್ಯಕಾರ್ಯವೆಂದು ಭಾವಿಸುವ ನಾವು ಅದರ ಜಾಗವನ್ನು ನಿಶ್ಚಯಿಸುವುದೂ ಆ ಪುಣ್ಯದ ಭಾಗವೆಂದು ತಿಳಿಯಬೇಕು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ತೊಂದರೆ ಕೊಡುವ ಕೊಂಬೆಯನ್ನು ಸವರಿಕೊಡಿರೆಂದು ನೆರೆಯವನು ಕೇಳಿದಾಗ, ‘ನಾವು ಅಹಿಂಸಾವ್ರತಿಗಳು, ಹಸಿಮರಕ್ಕೆ ಕತ್ತಿ ತಾಗಿಸುವುದಿಲ್ಲ’ ಎಂದು ಉತ್ತರಿಸುವವರುಂಟು. ಈ ಉತ್ತರವು ವ್ರತದ ಮಾತಿನಂತೆ ಕೇಳಿಸುತ್ತದೆ. ಪರೀಕ್ಷಿಸಿದರೆ ಹಾಗೆ ನಿಲ್ಲುವುದಿಲ್ಲ. ಶ್ರಾವಕನ ಅಣುವ್ರತವು ಸಂಕಲ್ಪಪೂರ್ವಕವಾದ ತ್ರಸಹಿಂಸೆಯ ತ್ಯಾಗದಿಂದ ಆರಂಭವಾಗುತ್ತದೆ. ಏಕೇಂದ್ರಿಯವಾದ ವನಸ್ಪತಿಯ ವಿಷಯದಲ್ಲಿ ಅವನಿಗೆ ವಿಧಿಸಿರುವುದು ನಿಷ್ಪ್ರಯೋಜಕವಾಗಿ ಕಡಿಯಬಾರದೆಂಬ ನಿಯಮ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ನೆಲವನ್ನು ವೃಥಾ ಅಗೆಯುವುದು, ಗಿಡಬಳ್ಳಿಗಳನ್ನು ವೃಥಾ ಕತ್ತರಿಸುವುದು ಮುಂತಾದವನ್ನು ಪ್ರಮಾದಚರ್ಯೆ ಎಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ‘ವೃಥಾ’ ಎಂಬುದೇ ಅಲ್ಲಿಯ ತಿರುಳು. ತನ್ನ ಕಾಫಿಗೆ ಬೆಳಕು ಬೇಕೆಂದು ಪ್ರತಿವರ್ಷವೂ ನೆರಳುಮರಗಳ ಕೊಂಬೆ ಇಳಿಸುವ ಕೃಷಿಕನು ನೆರೆಯವನ ಮಾಡಿನ ಮೇಲೆ ಬಾಗಿದ ಕೊಂಬೆಗೆ ಮಾತ್ರ ಅಹಿಂಸೆಯನ್ನು ನೆನೆದರೆ ಅದು ವ್ರತದ ದುರುಪಯೋಗ. ಆಷಾಢದ ಗಾಳಿಯಲ್ಲಿ ಆ ಕೊಂಬೆ ಮುರಿದು ಮಲಗಿರುವ ಮಗುವಿನ ಮೇಲೆ ಬಿದ್ದರೆ ಪಂಚೇಂದ್ರಿಯ ಜೀವಕ್ಕೆ ಒದಗುವ ಆಪತ್ತಿಗೆ ಅವನ ಅಹಿಂಸೆಯೇ ಕಾರಣವಾಗುವ ವಿಪರೀತವನ್ನು ನೋಡಬೇಕಾಗುತ್ತದೆ. ಸಮಯವರಿತು, ಗೂಡುಗಳನ್ನು ನೋಡಿಕೊಂಡು, ಬೇಕಾದಷ್ಟನ್ನು ಮಾತ್ರ ಸವರುವುದು ದಯೆಯ ದಾರಿ.

ನಮ್ಮ ಬಸದಿಗಳ ಗೋಡೆಗಳಲ್ಲಿಯೂ ಮಕ್ಕಳ ಪಾಠದ ಪುಸ್ತಕಗಳಲ್ಲಿಯೂ ಕಾಣಸಿಗುವ ಷಟ್‌ಲೇಶ್ಯೆಗಳ ಚಿತ್ರವನ್ನು ಎಲ್ಲರೂ ಬಲ್ಲರು. ಹಸಿದ ಆರು ಪಥಿಕರಲ್ಲಿ ಕೃಷ್ಣಲೇಶ್ಯೆಯವನು ಹಣ್ಣಿನ ಮರವನ್ನು ಬುಡಸಹಿತ ಉರುಳಿಸಬೇಕೆನ್ನುತ್ತಾನೆ. ನೀಲಲೇಶ್ಯೆಯವನು ಕಾಂಡವನ್ನು, ಕಾಪೋತಲೇಶ್ಯೆಯವನು ದೊಡ್ಡ ಕೊಂಬೆಯನ್ನು, ಪೀತಲೇಶ್ಯೆಯವನು ಕಿರುಗೊಂಬೆಯನ್ನು ಕಡಿಯಬೇಕೆನ್ನುತ್ತಾನೆ. ಪದ್ಮಲೇಶ್ಯೆಯವನು ಹಣ್ಣನ್ನಷ್ಟೇ ಕೀಳುತ್ತಾನೆ. ಶುಕ್ಲಲೇಶ್ಯೆಯವನು ಬಿದ್ದ ಹಣ್ಣನ್ನು ಆಯ್ದು ತೃಪ್ತನಾಗುತ್ತಾನೆ. ಎಲ್ಲೆಯ ಮರದ ಮುಂದೆ ನಿಂತವನ ಮನಸ್ಸಿನಲ್ಲಿಯೂ ಈ ಆರು ಬಣ್ಣಗಳು ಹಾದುಹೋಗುತ್ತವೆ. ಬುಡಕ್ಕೆ ರಾತ್ರಿ ಹೊತ್ತು ವಿಷ ಸುರಿಯುವ ಆಲೋಚನೆ ಮೊದಲನೆಯ ಬಣ್ಣದ್ದು. ಬೇಕಾದ ಒಂದು ಕೊಂಬೆಯನ್ನು ಒಡೆಯನ ಒಪ್ಪಿಗೆಯಿಂದ ಇಳಿಸುವ ಆಲೋಚನೆ ಬೇರೆ ಬಣ್ಣದ್ದು.

ಆದರೆ ಇದೇ ಚಿತ್ರವನ್ನು ಬೇಲಿಯ ಪಕ್ಕದಲ್ಲಿ ಇಟ್ಟು ನೋಡಿದಾಗ ಒಂದು ತೊಡಕು ಎದುರಾಗುತ್ತದೆ. ಬಿದ್ದ ಹಣ್ಣನ್ನು ಆಯ್ದುಕೊಳ್ಳುವವನನ್ನು ಲೇಶ್ಯಾಚಿತ್ರವು ಶ್ರೇಷ್ಠನೆನ್ನುತ್ತದೆ. ಅಚೌರ್ಯಾಣುವ್ರತವಾದರೋ ಪರರ ವಸ್ತುವು ನೆಲದ ಮೇಲೆ ಬಿದ್ದಿದ್ದರೂ ಒಡೆಯನು ಕೊಡದೆ ಎತ್ತಿಕೊಳ್ಳಬಾರದೆನ್ನುತ್ತದೆ. ನೆರೆಯವನ ಮಾವಿನ ಹಣ್ಣು ನಮ್ಮ ಅಂಗಳಕ್ಕೆ ಬಿದ್ದರೆ ಯಾವ ಮಾತನ್ನು ಕೇಳಬೇಕು? ಪಥಿಕರ ಮರವು ಕಾಡಿನದು; ಅಲ್ಲಿ ಒಡೆಯನ ಪ್ರಶ್ನೆಯಿಲ್ಲ, ಮರಕ್ಕಾಗುವ ನೋವಿನ ಪ್ರಶ್ನೆಯಷ್ಟೇ ಇದೆ. ಬೇಲಿಯ ಮರಕ್ಕೆ ಒಡೆಯನಿದ್ದಾನೆ. ಆದುದರಿಂದ ಎರಡು ಮಾತುಗಳೂ ಒಟ್ಟಿಗೆ ಸಲ್ಲುತ್ತವೆ: ಹಣ್ಣಿಗಾಗಿ ಕೊಂಬೆಯನ್ನು ನೋಯಿಸಬಾರದು, ಬಿದ್ದದ್ದನ್ನು ಕೇಳದೆ ತಿನ್ನಬಾರದು. ‘ನಿಮ್ಮ ಹಣ್ಣು ನಮ್ಮಲ್ಲಿ ಬಿದ್ದಿದೆ’ ಎಂದು ಒಮ್ಮೆ ಕೂಗಿ ಹೇಳಿದರೆ, ‘ನೀವೇ ಇಟ್ಟುಕೊಳ್ಳಿ’ ಎಂಬ ಉತ್ತರವೇ ಹೆಚ್ಚಾಗಿ ಬರುವುದು. ಆ ಒಂದು ಮಾತಿನಿಂದ ಬಿದ್ದ ವಸ್ತು ಕೊಟ್ಟ ವಸ್ತುವಾಗುತ್ತದೆ. ವರ್ಷಕ್ಕೊಮ್ಮೆ ಕೇಳಿಕೊಂಡರೂ ಸಾಕು.

ವ್ಯವಹಾರದ ಕಾನೂನು ಈ ವಿಷಯದಲ್ಲಿ ಎಲ್ಲಿ ನಿಲ್ಲುತ್ತದೆಂಬುದನ್ನೂ ಅರಿಯುವುದು ಲೇಸು. ಲೆಮ್ಮನ್ ಮತ್ತು ವೆಬ್ ಎಂಬ ಇಬ್ಬರು ನೆರೆಯವರ ವ್ಯಾಜ್ಯದಲ್ಲಿ ಇಂಗ್ಲೆಂಡಿನ ಅತ್ಯುಚ್ಚ ನ್ಯಾಯಪೀಠವು 1890ರ ದಶಕದಲ್ಲಿ ಕೊಟ್ಟ ತೀರ್ಪು ಪ್ರಸಿದ್ಧವಾದುದು. ತನ್ನ ನೆಲದ ಮೇಲೆ ಚಾಚಿದ ಕೊಂಬೆಯನ್ನು ತನ್ನ ನೆಲದಲ್ಲಿ ನಿಂತೇ ಎಲ್ಲೆಯವರೆಗೆ ಕತ್ತರಿಸಲು ನೆರೆಯವನಿಗೆ ಹಕ್ಕುಂಟು. ಕೊಂಬೆ ಎಷ್ಟು ವರ್ಷಗಳಿಂದ ಚಾಚಿಕೊಂಡಿದ್ದರೂ ಮರದ ಒಡೆಯನಿಗೆ ಅಲ್ಲಿ ಹಕ್ಕು ಹುಟ್ಟದು ಎಂಬುದು ಅದರ ಸಾರ. 1919ರ ಮತ್ತೊಂದು ತೀರ್ಪಿನಲ್ಲಿ, ಹಾಗೆ ಕತ್ತರಿಸಿದ ಕೊಂಬೆಯಲ್ಲಿನ ಹಣ್ಣು ಮಾತ್ರ ಮರದ ಒಡೆಯನದೇ ಎಂದು ಹೇಳಲಾಯಿತು. 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯಲ್ಲಿ, ಬೀಳುವ ಸ್ಥಿತಿಯಲ್ಲಿದ್ದು ಜನರಿಗೋ ಕಟ್ಟಡಕ್ಕೋ ಅಪಾಯ ತರುವ ಮರವನ್ನು ಸವರುವಂತೆ ಅಥವಾ ಕಡಿಯುವಂತೆ ಒಡೆಯನಿಗೆ ನೋಟೀಸು ಕೊಡುವ ಅವಕಾಶವಿದೆ. ಗಂಧ, ಬೀಟೆ, ತೇಗದಂತಹ ಮರಗಳ ವಿಷಯದಲ್ಲಿ ಸರಕಾರದ ನಿಯಮಗಳನ್ನು ಮೊದಲು ವಿಚಾರಿಸಿಕೊಳ್ಳಬೇಕು. ಕಾನೂನು ಹೇಳುವುದು ಇಷ್ಟನ್ನು. ಕತ್ತರಿಸುವ ಹಕ್ಕು ಇದ್ದವನು ಕತ್ತರಿಸುವ ಮುನ್ನ ಒಂದು ಮಾತು ಕೇಳಬೇಕೇ ಎಂಬುದನ್ನು ಅದು ನಮ್ಮ ಸೌಜನ್ಯಕ್ಕೆ ಬಿಟ್ಟಿದೆ. ಹಕ್ಕು ಎಲ್ಲಿ ಮುಗಿಯುವುದೋ ಅಲ್ಲಿಂದ ಮುಂದೆ ಧರ್ಮಕ್ಕೆ ಕೆಲಸವಿದೆ.

ವಯನಾಡಿನಲ್ಲಿ ಇನ್ನೊಂದು ವಿಶೇಷವಾದ ಕಾರಣವೂ ಉಂಟು. ಹಲಸು ಹಣ್ಣಾಗುವ ದಿನಗಳಲ್ಲಿ ಅದರ ಪರಿಮಳವನ್ನು ಹಿಡಿದು ಕಾಡಾನೆಗಳು ತೋಟಕ್ಕಿಳಿಯುತ್ತವೆ. ನಮ್ಮ ಎಲ್ಲೆಯ ಹಲಸಿಗೆ ಬಂದ ಆನೆ ನೆರೆಯವನ ಬಾಳೆಯನ್ನು ತುಳಿದು ಹೋಗುತ್ತದೆ. ಕಾಯಿಯನ್ನು ಬಲಿಯುವ ಮುನ್ನವೇ ಇಳಿಸಿ ಹಂಚಿಕೊಂಡರೆ ಮರವೂ ಉಳಿಯುತ್ತದೆ, ನೆರೆಯವನ ನಿದ್ರೆಯೂ ಉಳಿಯುತ್ತದೆ, ಆನೆಗೂ ಪಟಾಕಿಯ ಭಯ ತಪ್ಪುತ್ತದೆ. ಮೂರು ಜೀವಗಳ ಹಿತವು ಒಂದು ಕೊಯ್ಲಿನಲ್ಲಿ ಅಡಗಿದೆ. ಜೀವಿಗಳು ಪರಸ್ಪರ ಉಪಕಾರದಿಂದ ಬಾಳುತ್ತವೆಂಬ ಸೂತ್ರವನ್ನು ನಾವು ಲಾಂಛನದ ಕೆಳಗೆ ಬರೆದುಕೊಂಡಿದ್ದೇವೆ. ಅದಕ್ಕೆ ಹೊಲದಲ್ಲಿ ಅರ್ಥ ಬರುವುದು ಹೀಗೆ.

ಇಂದಿನ ದಿನಮಾನಗಳಲ್ಲಿ ಮತ್ತೊಂದು ಕಷ್ಟವು ಸೇರಿಕೊಂಡಿದೆ. ಅನೇಕ ಮನೆಗಳ ಮಕ್ಕಳು ಉದ್ಯೋಗಕ್ಕಾಗಿ ಬೆಂಗಳೂರು, ಮೈಸೂರು, ಪರದೇಶಗಳಲ್ಲಿದ್ದಾರೆ. ತೋಟ ಕೆಲಸದವರ ವಶದಲ್ಲಿದೆ. ಒಡೆಯನು ದೂರವಿದ್ದರೂ ಮರವು ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಬಾಗಿದ ಕೊಂಬೆಯ ವಿಷಯವನ್ನು ಯಾರಿಗೆ ಹೇಳಬೇಕೆಂದು ತಿಳಿಯದೆ ನೆರೆಯವನು ಎರಡು ಮಳೆಗಾಲಗಳನ್ನು ಭಯದಲ್ಲಿ ಕಳೆದು, ಮೂರನೆಯ ವರ್ಷ ಪಂಚಾಯಿತಿಗೆ ಅರ್ಜಿ ಬರೆಯುತ್ತಾನೆ. ಅದನ್ನು ದ್ವೇಷವೆಂದು ತಿಳಿಯಲಾಗದು. ದಿಗ್ವ್ರತದ ಅತಿಚಾರಗಳಲ್ಲಿ ತಾನು ಹಾಕಿಕೊಂಡ ಎಲ್ಲೆಯನ್ನು ಹಿಗ್ಗಿಸುವುದು ಒಂದಾದರೆ, ಆ ಎಲ್ಲೆಯನ್ನೇ ಮರೆತುಬಿಡುವುದು ಮತ್ತೊಂದು. ಆ ವ್ರತವು ನಮ್ಮ ಸಂಚಾರದ ಮೇರೆಯನ್ನು ಕುರಿತದ್ದಾದರೂ ಅದರ ಪಾಠ ತೋಟಕ್ಕೂ ಹೊಂದುತ್ತದೆ. ದೂರವಿರುವವರು ತಮ್ಮ ದೂರವಾಣಿ ಸಂಖ್ಯೆಯನ್ನು ಬೇಲಿಯಾಚೆಯ ಮನೆಗೆ ಕೊಟ್ಟಿರಲಿ. ಊರಿಗೆ ಬಂದಾಗ ಎಲ್ಲೆಯುದ್ದಕ್ಕೂ ನೆರೆಯವರೊಡನೆ ಒಮ್ಮೆ ನಡೆದು ನೋಡಲಿ.

ಆಚರಣೆಗೆ ಕೆಲವು ಮಾತುಗಳು. ತೆಂಗಿನ ಸಸಿಗಳ ನಡುವೆ ಏಳೂವರೆ ಮೀಟರ್, ಅಡಿಕೆ ಸಸಿಗಳ ನಡುವೆ 2.7 ಮೀಟರ್ ಅಂತರವನ್ನು ಕೃಷಿತಜ್ಞರು ಹೇಳುತ್ತಾರೆ. ಎಲ್ಲೆಯಿಂದ ಅದರ ಅರ್ಧದಷ್ಟನ್ನಾದರೂ ಒಳಗೆ ಬಿಟ್ಟರೆ, ಆಚೆಯವನೂ ಹಾಗೆಯೇ ಬಿಟ್ಟಾಗ ಎರಡು ತೋಟಗಳ ಸಾಲು ಒಂದೇ ತೋಟದಂತೆ ಹೊಂದಿಕೊಳ್ಳುತ್ತದೆ. ಆಲ, ಅರಳಿ, ಹಲಸು, ಬಿದಿರುಗಳಿಗೆ ಇದಕ್ಕಿಂತ ಹೆಚ್ಚಿನ ದೂರ ಬೇಕು. ಕೊಂಬೆ ಇಳಿಸುವ ಕೆಲಸವನ್ನು ಮುಂಗಾರಿಗೆ ಮೊದಲೇ ಇಬ್ಬರೂ ನೋಡಿ ಮುಗಿಸುವುದು ಒಳಿತು. ಮೆಣಸು ಕೊಯ್ಯಲು ಏಣಿಯನ್ನು ಆಚೆಯ ನೆಲದಲ್ಲಿ ಊರಬೇಕಾದರೆ ಮೊದಲು ಒಂದು ಮಾತು ಕೇಳಬೇಕು. ಅಜ್ಜನು ನೆಟ್ಟ ಮರವಾಗಿದ್ದರೆ ತಪ್ಪು ಯಾರದೆಂದು ಹುಡುಕುವುದರಿಂದ ಫಲವಿಲ್ಲ. ಇಂದು ಅದನ್ನು ಕಾಯುವವನು ಯಾರೋ ಅವನೇ ಖರ್ಚನ್ನೂ ಕಾಳಜಿಯನ್ನೂ ವಹಿಸಿಕೊಳ್ಳುವುದು ಯೋಗ್ಯ.

ದಶಲಕ್ಷಣ ಪರ್ವದ ಕೊನೆಯಲ್ಲಿ ಕ್ಷಮಾವಣಿಯ ದಿನ ನಾವು ಪರಸ್ಪರ ಕ್ಷಮೆ ಬೇಡುತ್ತೇವೆ. ಹೆಚ್ಚಾಗಿ ಅದು ಬಸದಿಯ ಪ್ರಾಂಗಣದಲ್ಲಿ, ನಮ್ಮನಮ್ಮವರ ನಡುವೆ, ಜಗಳವೇ ಇಲ್ಲದವರೊಡನೆ ನಡೆಯುತ್ತದೆ. ವರ್ಷವಿಡೀ ನಮ್ಮ ಮರದ ಎಲೆಯನ್ನು ಗುಡಿಸುತ್ತಿರುವವರು ಬೇಲಿಯ ಆಚೆಗಿದ್ದಾರೆ. ಅವರ ಮನೆಗೆ ಹೋಗಿ, ಅವರ ಭಾಷೆಯಲ್ಲಿ, ಕೊಂಬೆಯ ವಿಷಯವನ್ನು ಮಾತನಾಡಿ ಬರುವುದೂ ಕ್ಷಮಾಧರ್ಮದ ಆಚರಣೆಯೇ. ಈ ವಾರ್ಷಿಕ ಉತ್ಸವದ ಶುಭಸಂದರ್ಭದಲ್ಲಿ ಪ್ರತಿಯೊಂದು ಶ್ರಾವಕ ಕುಟುಂಬವೂ ತನ್ನ ತೋಟದ ಎಲ್ಲೆಯ ಒಂದೊಂದು ಮರವನ್ನು ಈ ದೃಷ್ಟಿಯಿಂದ ನೋಡಲಿ. ನೆರೆಹೊರೆಯಲ್ಲಿ ಮೈತ್ರೀಭಾವವು ನೆಲೆಗೊಳ್ಳಲಿ. ಸರ್ವರಿಗೂ ಮಂಗಳವಾಗಲಿ.