ಎಷ್ಟು ನಿದ್ದೆ, ಯಾರ ನಿದ್ದೆ



ಬಂಧುಗಳೇ, ಹೋದ ವಾರ ಪಂಚ ನೀವರಣಗಳನ್ನು ಓದುತ್ತಾ ಥೀನ-ಮಿದ್ಧದ ಹತ್ತಿರ ಬಂದು ನಿಂತಿದ್ದೆವು. ಜಡತೆ ಮತ್ತು ತೂಕಡಿಕೆ. ಮನಸ್ಸಿಗೆ ಅಡ್ಡ ಬರುವ ಐದರಲ್ಲಿ ಅದೂ ಒಂದು. ಓದು ಮುಗಿದ ಮೇಲೆ ನಮ್ಮ ಉಪಾಸಿಕೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಟೀಚರ್, ರಾತ್ರಿ ಹನ್ನೊಂದಕ್ಕೆ ಮಲಗ್ತೀನಿ, ಬೆಳಗ್ಗೆ ನಾಲ್ಕೂವರೆಗೆ ಏಳ್ತೀನಿ. ಆನಾಪಾನಕ್ಕೆ ಕೂತರೆ ಐದು ನಿಮಿಷಕ್ಕೆ ತಲೆ ವಾಲುತ್ತೆ. ಇದು ನೀವರಣನಾ, ಇಲ್ಲ ನಂಗೆ ನಿದ್ದೆನೇ ಸಾಲ್ತಿಲ್ವಾ?" ಅದೇ ದಿನ ಗುಂಪಿಗೆ ಒಂದು ಚಿತ್ರ ಬಂದಿತ್ತು. ಬಾಬಾಸಾಹೇಬರ ಭಾವಚಿತ್ರ, ಅದರ ಕೆಳಗೆ ದಿನಕ್ಕೆ 18 ಗಂಟೆ ಓದಿ ಎಂಬ ಕರೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸಬೇಕು ಅನ್ನಿಸಿತು.

ಮೊದಲು ಲೆಕ್ಕ. 2015ರಲ್ಲಿ ಅಮೆರಿಕದ ನಿದ್ರಾ ತಜ್ಞರ ಎರಡು ಸಂಸ್ಥೆಗಳು ಸೇರಿ, ಆವರೆಗೆ ನಡೆದ ಅಧ್ಯಯನಗಳನ್ನೆಲ್ಲ ಮುಂದಿಟ್ಟುಕೊಂಡು, 18ರಿಂದ 60 ವರ್ಷದವರಿಗೆ ದಿನವೂ 7 ಗಂಟೆ ಅಥವಾ ಅದಕ್ಕಿಂತ ಹೆಚ್ಚು ನಿದ್ದೆ ಬೇಕು ಎಂದು ಹೇಳಿದವು. ಎಸ್ಸೆಸ್ಸೆಲ್ಸಿ, ಪಿಯುಸಿ ವಯಸ್ಸಿನ ಮಕ್ಕಳಿಗೆ 8ರಿಂದ 10 ಗಂಟೆ. ಇದು ಗೆರೆ ಕೊರೆದ ಲೆಕ್ಕವಲ್ಲ. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಟಾಂಜಾನಿಯಾ, ನಮೀಬಿಯಾ, ಬೊಲಿವಿಯಾ ದೇಶಗಳ ಮೂರು ಬುಡಕಟ್ಟುಗಳ ಜನ ಕರೆಂಟಿನ ದೀಪವಿಲ್ಲದೆಯೂ ರಾತ್ರಿ ಸುಮಾರು ಆರರಿಂದ ಏಳು ಗಂಟೆ ಮಾತ್ರ ನಿದ್ದೆ ಮಾಡುವುದು ಕಂಡುಬಂತು. ಕೆಲವರ ಮೈಗೆ ಆರೂವರೆ ಸಾಕು, ಕೆಲವರಿಗೆ ಒಂಬತ್ತು ಬೇಕು. ನಾಲ್ಕೈದು ಗಂಟೆಯಲ್ಲೇ ನಿಜವಾಗಿ ಚೇತರಿಸಿಕೊಳ್ಳುವವರೂ ಇದ್ದಾರೆ. ಅದು ವಂಶವಾಹಿಯಿಂದ ಬರುವ ಗುಣ, ತೀರಾ ವಿರಳ. ನಮ್ಮ ಗುಂಪಿನಲ್ಲಿ ಹತ್ತು ಜನ "ನನಗೆ ನಾಲ್ಕೇ ಗಂಟೆ ಸಾಕು" ಅಂದರೆ ಆ ಹತ್ತೂ ಜನ ಅಂಥವರಾಗಿರುವ ಸಂಭವ ಕಡಿಮೆ.

"ಅಭ್ಯಾಸ ಆಗಿಹೋಗಿದೆ" ಅನ್ನುತ್ತೇವೆ. ಈ ಮಾತನ್ನೇ ಪರೀಕ್ಷೆಗೆ ಒಡ್ಡಿದವರಿದ್ದಾರೆ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ವಯಸ್ಕರನ್ನು ಎರಡು ವಾರ ಬೇರೆ ಬೇರೆ ಅವಧಿಗೆ ಮಲಗಿಸಿ, ದಿನವೂ ಅವರ ಗಮನ, ನೆನಪು ಎಷ್ಟು ಚುರುಕಾಗಿದೆ ಎಂದು ಅಳೆದರು. ದಿನಕ್ಕೆ ಆರು ಗಂಟೆ ಮಲಗಿದವರ ಗಮನ ದಿನೇದಿನೇ ಕುಸಿಯುತ್ತಾ ಹೋಯಿತು. ಎರಡು ವಾರ ಕಳೆಯುವ ಹೊತ್ತಿಗೆ ಪೂರಾ ನಿದ್ದೆಗೆಟ್ಟವರ ಮಟ್ಟಕ್ಕೆ ಬಂದಿತ್ತು. ಆದರೆ ಅವರನ್ನು ಕೇಳಿದರೆ "ಸ್ವಲ್ಪ ನಿದ್ದೆ ಎಳೆಯುತ್ತಿದೆ, ಅಷ್ಟೇ" ಅನ್ನುತ್ತಿದ್ದರು. ಮೈ ಸಾಲ ಮಾಡುತ್ತಲೇ ಇತ್ತು, ಮನಸ್ಸು ಲೆಕ್ಕ ಬರೆಯುವುದನ್ನು ನಿಲ್ಲಿಸಿತ್ತು. ಸತಿಯ ಬಗ್ಗೆ ಇಷ್ಟು ಓದುವ ನಮಗೆ ಇದು ತಟ್ಟಬೇಕು. ತನಗೆ ಏನಾಗುತ್ತಿದೆ ಎಂದು ಅರಿಯುವ ಶಕ್ತಿಯೇ ಮೊದಲು ಮಂಕಾಗುತ್ತದೆ ಅಂದರೆ, "ನನಗೇನೂ ಆಗಿಲ್ಲ" ಎಂಬ ನಮ್ಮ ಸಾಕ್ಷಿಗೆ ಬೆಲೆ ಎಷ್ಟು?

ಹಾಗಾದರೆ ಭಿಕ್ಖುಗಳು? ಈ ಪ್ರಶ್ನೆ ಬಂದೇ ಬರುತ್ತದೆ. ಇರುಳನ್ನು ಮೂರು ಯಾಮ ಮಾಡಿ, ನಡುವಿನ ಯಾಮದಲ್ಲಿ ಮಾತ್ರ ಬಲಮಗ್ಗುಲಾಗಿ ಸಿಂಹಶಯ್ಯೆಯಲ್ಲಿ ಮಲಗಿ, ಉಳಿದ ಎರಡರಲ್ಲಿ ನಡೆಯುತ್ತಾ ಕೂರುತ್ತಾ ಎಚ್ಚರವಿರಬೇಕೆಂದು ಸುತ್ತಗಳಲ್ಲಿದೆ. ಲೆಕ್ಕ ಹಾಕಿದರೆ ಸುಮಾರು ನಾಲ್ಕು ಗಂಟೆ. ಆದರೆ ಆ ಭಿಕ್ಖುವಿಗೆ ಬಸ್ಸು ಹಿಡಿಯುವ ಗಡಿಬಿಡಿ ಇರಲಿಲ್ಲ, ಒಲೆ ಹಚ್ಚುವ ಕೆಲಸವಿರಲಿಲ್ಲ, ಮಗುವಿನ ಜ್ವರವಿರಲಿಲ್ಲ. ಊಟವಾದ ಮೇಲೆ ಮರದ ನೆರಳಲ್ಲಿ ಏಕಾಂತವಾಗಿ ಹಗಲು ಕಳೆಯುವ ಅವಕಾಶವಿತ್ತು. ಗೃಹಸ್ಥರಿಗೆ ಬುದ್ಧರು ಕೊಟ್ಟದ್ದು ಪಂಚಶೀಲ. ಆ ಐದರಲ್ಲಿ ನಿದ್ದೆಯ ಹೊತ್ತಿನ ಮಾತಿಲ್ಲ. (ಐದನೆಯ ಶೀಲಕ್ಕೂ ನಿದ್ದೆಗೂ ಬೇರೆ ನಂಟಿದೆ. ಕುಡಿದವರಿಗೆ ಬೇಗ ಕಣ್ಣು ಹತ್ತುತ್ತದೆ ನಿಜ. ಆದರೆ ರಾತ್ರಿಯ ಎರಡನೆಯ ಅರ್ಧ ಒಡೆದು ಚೂರಾಗುತ್ತದೆ. "ನಿದ್ದೆಗೋಸ್ಕರ ಸ್ವಲ್ಪ" ಅನ್ನುವವರು ಇದನ್ನು ಗಮನಿಸಲಿ.)

ಭಿಕ್ಖುಗಳ ವಿಷಯದಲ್ಲೂ ಬುದ್ಧರು ಎಷ್ಟು ಮೃದುವಾಗಿದ್ದರು ನೋಡಿ. ಮಗಧದ ಒಂದು ಹಳ್ಳಿಯಲ್ಲಿ ಮೊಗ್ಗಲ್ಲಾನರು ಧ್ಯಾನಕ್ಕೆ ಕೂತು ತೂಕಡಿಸುತ್ತಿದ್ದರು. ಮುಂದೆ ಸಂಘದ ಇಬ್ಬರು ಮುಖ್ಯ ಶಿಷ್ಯರಲ್ಲಿ ಒಬ್ಬರಾದ ಮೊಗ್ಗಲ್ಲಾನರು! ಬುದ್ಧರು ಬೈಯಲಿಲ್ಲ. ಒಂದೊಂದೇ ಉಪಾಯ ಹೇಳುತ್ತಾ ಹೋದರು: ಕಲಿತ ಧಮ್ಮವನ್ನು ನೆನೆ, ಬಾಯಿಬಿಟ್ಟು ಹೇಳಿಕೋ, ಕಿವಿ ಎಳೆದುಕೋ, ಕಣ್ಣಿಗೆ ನೀರು ಹಾಕಿಕೋ, ಬೆಳಕನ್ನು ಮನಸ್ಸಿಗೆ ತಂದುಕೋ, ಎದ್ದು ಓಡಾಡು. ಇಷ್ಟಾದರೂ ಹೋಗದಿದ್ದರೆ? ಮಲಗು. ಏಳುವ ಸಂಕಲ್ಪ ಇಟ್ಟುಕೊಂಡು ಮಲಗು. ಪಟ್ಟಿಯ ಕೊನೆಯಲ್ಲಿ ಇರುವ ಔಷಧಿ ನಿದ್ದೆಯೇ.

ಇನ್ನೊಂದು ಪ್ರಸಂಗ ವೈಶಾಲಿಯದು. ಸಚ್ಚಕ ಎಂಬ ವಾದಪಟು, "ನೀವು ಹಗಲು ಮಲಗಿದ್ದು ನೆನಪಿದೆಯೇ?" ಎಂದು ಬುದ್ಧರನ್ನೇ ಕೆಣಕುತ್ತಾನೆ. ಬುದ್ಧರು ಮುಚ್ಚಿಡುವುದಿಲ್ಲ. ಬೇಸಿಗೆಯ ಕೊನೆಯ ತಿಂಗಳಲ್ಲಿ, ಊಟವಾದ ಮೇಲೆ, ಸಂಘಾಟಿಯನ್ನು ಮಡಿಸಿ ಹಾಸಿ ಮಲಗಿದ್ದುಂಟು ಎನ್ನುತ್ತಾರೆ. ಇದನ್ನು ಮೋಹ ಅನ್ನುವವರಿದ್ದಾರಲ್ಲ ಎಂದು ಸಚ್ಚಕ ಮತ್ತೆ ಚುಚ್ಚುತ್ತಾನೆ. ಮಲಗಿದ ಮಾತ್ರಕ್ಕೆ ಒಬ್ಬ ಮೋಹದಲ್ಲಿದ್ದಾನೆ ಎಂದಾಗುವುದಿಲ್ಲ, ಮನಸ್ಸಿನ ಕಲ್ಮಷ ಹೋಗಿದೆಯೇ ಇಲ್ಲವೇ ಎಂಬುದು ಪ್ರಶ್ನೆ. ಬುದ್ಧರ ಉತ್ತರದ ಸಾರ ಇದು. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಊಟದ ಬಿಡುವಿನಲ್ಲಿ ಮೇಜಿನ ಮೇಲೆ ತಲೆಯಿಟ್ಟರೆ ಎರಡು ಜೋಕು ಕೇಳಬೇಕಾಗುತ್ತದೆ. ನಾನು ಈಗ ಸಚ್ಚಕನ ಕತೆ ಹೇಳಿ ತಲೆಯಿಡುತ್ತೇನೆ.

ಗಂಟೆಯ ಲೆಕ್ಕ ಮುಗಿಯಿತು ಅಂದುಕೊಂಡರೆ ಮುಗಿಯುವುದಿಲ್ಲ. ಚೆನ್ನೈನಲ್ಲಿ ಕೆಲವು ಅರ್ಥಶಾಸ್ತ್ರಜ್ಞರು ಕಡಿಮೆ ಆದಾಯದ 452 ಜನರ ಮಣಿಕಟ್ಟಿಗೆ ಗಡಿಯಾರದಂಥ ಸಾಧನ ಕಟ್ಟಿ ನಿದ್ದೆ ಅಳೆದರು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಆ ಜನ ರಾತ್ರಿ ಹಾಸಿಗೆಯಲ್ಲಿ ಇರುತ್ತಿದ್ದದ್ದು ಸುಮಾರು 8 ಗಂಟೆ. ನಿಜವಾಗಿ ನಿದ್ದೆ ಬರುತ್ತಿದ್ದದ್ದು ಐದೂವರೆ ಗಂಟೆ. ಉಳಿದದ್ದು ಹೊರಳಾಟ. ಏಕೆ ಅಂತ ನಮಗೆ ಯಾರೂ ಹೇಳಬೇಕಿಲ್ಲ. ಸೆಕೆ, ಸೊಳ್ಳೆ, ಬೀದಿಯ ಗದ್ದಲ, ಒಂದೇ ಕೋಣೆಯಲ್ಲಿ ಐದಾರು ಜನ. ಅವರಿಗೆ ಕಣ್ಣುಪಟ್ಟಿ, ಕಿವಿಗೆ ಇಟ್ಟುಕೊಳ್ಳುವ ಬಿರಡೆ, ಹಾಸಿಗೆ ಮುಂತಾದವನ್ನು ಕೊಟ್ಟು, ಪ್ರೋತ್ಸಾಹಿಸಿ, ನಿದ್ದೆಯನ್ನು 27 ನಿಮಿಷ ಹೆಚ್ಚಿಸಿದರು. ಕೆಲಸದಲ್ಲಾಗಲಿ ಯೋಚನೆಯ ಚುರುಕಿನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಕೆಲಸದ ಜಾಗದಲ್ಲೇ, ಮಧ್ಯಾಹ್ನ, ಸದ್ದಿಲ್ಲದ ಮೂಲೆಯಲ್ಲಿ ಅರ್ಧ ಗಂಟೆ ಮಲಗಲು ಬಿಟ್ಟಾಗ ಗಮನ, ಕೆಲಸ, ಮನಸ್ಸಿನ ನೆಮ್ಮದಿ ಸುಧಾರಿಸಿತು. ಒಡೆದ ನಿದ್ದೆಗೆ ಇನ್ನಷ್ಟು ಒಡೆದ ನಿದ್ದೆ ಸೇರಿಸಿದರೆ ದಣಿವು ಆರದೇನೋ. ಯಾರೂ ಎಬ್ಬಿಸದ ಅರ್ಧ ಗಂಟೆ ಆರಿಸುತ್ತದೆ. ನಾನು ಅದನ್ನು ಓದಿಕೊಂಡದ್ದು ಹೀಗೆ.

"ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂಬ ಗಾದೆಯನ್ನು ನಾನೇ ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಡುತ್ತೇನೆ. ಗಾದೆ ಸುಳ್ಳಲ್ಲ, ಆದರೆ ಅರ್ಧ. ಸಂತೆಯಲ್ಲಿ ಮೂಟೆಯ ಮೇಲೆ ಮಲಗಿದ ಹಮಾಲಿಗೆ ಚಿಂತೆ ಇಲ್ಲ ಎಂದು ಯಾರು ಹೇಳಿದರು? ಅವನ ಮೈ ಸೋತುಬಿದ್ದಿದೆ. ಇನ್ನರ್ಧ ಹತ್ಥಕನ ಸುತ್ತದಲ್ಲಿದೆ. ಆಳವಿಯಲ್ಲಿ ಚಳಿಗಾಲದ ಒಂದು ರಾತ್ರಿ ಬುದ್ಧರು ದನಗಳ ಗೊರಸಿನಿಂದ ಒರಟಾದ ನೆಲದ ಮೇಲೆ ಎಲೆ ಹಾಸಿಕೊಂಡು ಮಲಗಿದ್ದರು. ಬೆಳಗ್ಗೆ ಹತ್ಥಕ ಕೇಳಿದ, ಚೆನ್ನಾಗಿ ನಿದ್ದೆ ಬಂತೇ ಎಂದು. ಬಂತು ಎಂದರು. ಗಾಳಿ ನುಗ್ಗದ ಮಹಡಿ ಮನೆಯಲ್ಲಿ ಮೆತ್ತನೆಯ ಮಂಚದ ಮೇಲೆ ಮಲಗಿದವನನ್ನೂ ರಾಗ, ದ್ವೇಷ, ಮೋಹಗಳು ಒಳಗಿಂದ ಸುಡುತ್ತಿದ್ದರೆ ಅವನಿಗೆ ನಿದ್ದೆಯುಂಟೇ ಎಂದು ತಿರುಗಿ ಕೇಳಿದರು. ಈ ಸುತ್ತವನ್ನು ನಾನು ಬಹಳ ಇಷ್ಟಪಡುತ್ತೇನೆ. ಆದರೂ ಒಂದು ಎಚ್ಚರಿಕೆ ಹೇಳಬೇಕು. ಎಲೆಯ ಮೇಲೆ ಮಲಗಿದ್ದು ಅರಮನೆ ಬಿಟ್ಟು ಬಂದವರು, ತಾವೇ ಆರಿಸಿಕೊಂಡು. ಬೇರೆ ದಾರಿಯಿಲ್ಲದೆ ಚರಂಡಿ ಪಕ್ಕದ ಗುಡಿಸಿಲಲ್ಲಿ ಮಲಗಿದವರಿಗೆ ಈ ಸುತ್ತವನ್ನು ಉಪದೇಶ ಮಾಡಿದರೆ ಅದು ಧಮ್ಮವಲ್ಲ. ಉಳ್ಳವರಿಗೆ ಅದು ಕನ್ನಡಿ. ಇಲ್ಲದವರಿಗೆ ಮೊದಲು ಸೊಳ್ಳೆಪರದೆ ಸಿಗಲಿ.

ಈಗ ಬಾಬಾಸಾಹೇಬರ ವಿಷಯ. ಮುಂಬಯಿಯ ಪರೇಲ್‌ನ ಚಾಳಿನಲ್ಲಿ ಅವರ ಕುಟುಂಬಕ್ಕೆ ಇದ್ದದ್ದು ಒಂದೇ ಕೋಣೆ. ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಅದರ ವಿವರ ಇದೆ. ರಾಮ್‌ಜಿ ಸಕ್ಪಾಲರು ಮಗನನ್ನು ಬೇಗ ಮಲಗಿಸಿ, ತಾವು ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಿರುತ್ತಿದ್ದರು. ಎರಡಕ್ಕೆ ಭೀಮನನ್ನು ಓದಲು ಎಬ್ಬಿಸಿ ತಾವು ಮಲಗುತ್ತಿದ್ದರು. ಈ ಕತೆಯನ್ನು ನಾವು ಮಕ್ಕಳಿಗೆ "ಅವರು ಎರಡಕ್ಕೇ ಏಳುತ್ತಿದ್ದರು, ನೀನು ಏಳಕ್ಕೆ ಏಳ್ತೀಯಾ" ಎಂದು ಬೈಯಲು ಬಳಸುತ್ತೇವೆ. ಕತೆಯಲ್ಲಿ ನನಗೆ ಕಾಣುವುದು ಬೇರೆ. ಮಗನ ನಿದ್ದೆಯನ್ನೂ ಮಗನ ಓದನ್ನೂ ಎರಡನ್ನೂ ಉಳಿಸಲು ತಂದೆ ತನ್ನ ರಾತ್ರಿಯನ್ನು ಕೊಟ್ಟ. ಆ ಮನೆಯಲ್ಲಿ ಯಾರೂ ನಿದ್ದೆಗೇಡಿತನವನ್ನು ಹೊಗಳಲಿಲ್ಲ. ಜಾಗ ಇಲ್ಲದ್ದಕ್ಕೆ ರಾತ್ರಿಯನ್ನು ಹಂಚಿಕೊಂಡರು, ಅಷ್ಟೇ.

ಆಮೇಲೆ ಅವರು ಹಗಲಿರುಳು ದುಡಿದದ್ದು ನಿಜ. ಅದಕ್ಕೆ ಮೈ ಬೆಲೆ ತೆತ್ತದ್ದೂ ನಿಜ. ಸಕ್ಕರೆ ಕಾಯಿಲೆ, ಕಾಲುನೋವು ವರ್ಷಗಟ್ಟಲೆ ಕಾಡಿದವು. 1956ರ ಡಿಸೆಂಬರ್ 5ರ ರಾತ್ರಿ 'ಬುದ್ಧ ಮತ್ತು ಆತನ ಧಮ್ಮ'ದ ಮುನ್ನುಡಿಯ ಹಾಳೆಗಳನ್ನು ಹತ್ತಿರ ಇರಿಸಿಕೊಂಡು ಮಲಗಿದವರು ಬೆಳಗ್ಗೆ ಏಳಲಿಲ್ಲ. ಅರವತ್ತೈದು ವರ್ಷ. ದೀಕ್ಷೆಯಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಇನ್ನು ಹತ್ತು ವರ್ಷ ಇದ್ದಿದ್ದರೆ ಎಂದು ನಾವೆಲ್ಲ ಒಮ್ಮೆಯಾದರೂ ಅಂದುಕೊಂಡಿದ್ದೇವೆ.

ಅವರು ತಮ್ಮ ಮೈಗೆ ಮಾಡಿಕೊಂಡದ್ದನ್ನು ಬೇರೆಯವರಿಗೆ ವಿಧಿಸಿದರೇ? ಇಲ್ಲ. 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. 1946ರಲ್ಲಿ ಅದು ಕಾಯ್ದೆಯಾಗಿ, ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು. ದುಡಿಯುವವನಿಗೆ ಬಿಡುವು ಬೇಕು, ಬಿಡುವಿಲ್ಲದ ಮನುಷ್ಯ ಮನುಷ್ಯನಾಗಿ ಉಳಿಯುವುದು ಕಷ್ಟ ಎಂದು ಬಲ್ಲವರು ತಂದ ಕಾನೂನು ಅದು. ಅವರ ಹೆಸರಿನಲ್ಲಿ ಹದಿನೈದು ವರ್ಷದ ಹುಡುಗಿಗೆ 18 ಗಂಟೆಯ ಲೆಕ್ಕ ಕೊಡುವಾಗ ಇದನ್ನು ಮರೆಯಬಾರದು. ಜಯಂತಿಯ ದಿನ ಒಂದು ದಿನ 18 ಗಂಟೆ ಓದಿ ಗೌರವ ಸಲ್ಲಿಸುವುದಕ್ಕೆ ನನ್ನ ವಿರೋಧವಿಲ್ಲ, ಚೆಂದದ ಆಚರಣೆ. ಅದನ್ನೇ ಇಡೀ ವರ್ಷದ ವೇಳಾಪಟ್ಟಿ ಮಾಡಿದರೆ ಆ ಮಗು ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಕಲಿತದ್ದು ನೆನಪಾಗಿ ಗಟ್ಟಿಯಾಗುವ ಕೆಲಸದ ದೊಡ್ಡ ಪಾಲು ನಡೆಯುವುದೇ ನಿದ್ದೆಯಲ್ಲಿ. ಮೊದಲ ಪಿರಿಯಡ್ಡಿನಲ್ಲಿ ಕಣ್ಣು ತೆರೆದುಕೊಂಡೇ ಮಲಗಿರುವ ಮಕ್ಕಳನ್ನು ನಾನು ದಿನಾ ನೋಡುತ್ತೇನೆ.

ನಿದ್ದೆ ಹಕ್ಕು ಕೂಡ. 2012ರಲ್ಲಿ ರಾಮಲೀಲಾ ಮೈದಾನದಲ್ಲಿ ಮಲಗಿದ್ದವರ ಮೇಲೆ ನಡೆದ ಪೊಲೀಸ್ ಕಾರ್ಯಾಚರಣೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು, ನಿದ್ದೆಯನ್ನು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿಗೆ ಸೇರಿಸಿತು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ತಡೆಯಿದೆ. ಹಬ್ಬದ ಧ್ವನಿವರ್ಧಕದ ಬಗ್ಗೆ ದೂರುವ ನಾವು ಏಪ್ರಿಲ್‌ನಲ್ಲಿ ನಮ್ಮ ಬೀದಿಯ ಡಿಜೆ ಎಷ್ಟು ಗಂಟೆಗೆ ನಿಲ್ಲುತ್ತದೆ ಎಂದೂ ನೋಡಿಕೊಳ್ಳಬೇಕು. ಬೆಳಕು ಹರಿಯುವ ಮುಂಚೆ ಹಾಜರಿಗೆ ನಿಲ್ಲಬೇಕಾದ ಪೌರಕಾರ್ಮಿಕ ಅಕ್ಕ ಮಲಗಿರುವುದು ಅದೇ ಬೀದಿಯಲ್ಲಿ.

ಉಪಾಸಿಕೆಗೆ ನಾನು ಹೇಳಿದ್ದು ಇಷ್ಟು. ಅಕ್ಕಾ, ಎರಡು ವಾರ ಏಳು ಗಂಟೆ ಮಲಗಿ ನೋಡಿ. ಎದ್ದ ತಕ್ಷಣ ಅರ್ಧ ಗಂಟೆ ಮಂಪರು ಇದ್ದರೆ ಅದು ಸಹಜ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಸ್ಸಿನಲ್ಲಿ ಕೂತರೆ ಕಣ್ಣು ಮುಚ್ಚುತ್ತದಾ, ರಜೆಯ ದಿನ ಎರಡು ಗಂಟೆ ಜಾಸ್ತಿ ಮಲಗುತ್ತೀರಾ, ಅದನ್ನು ನೋಡಿ. ಏಳು ಗಂಟೆ ಮಲಗಿಯೂ ದಣಿವು ಹೋಗದಿದ್ದರೆ ರಕ್ತ ಕಡಿಮೆ ಇರಬಹುದು, ಥೈರಾಯ್ಡ್ ಇರಬಹುದು, ಗೊರಕೆಯಲ್ಲಿ ಉಸಿರು ಕಟ್ಟುತ್ತಿರಬಹುದು. ಡಾಕ್ಟರ ಹತ್ತಿರ ಹೋಗಿ. ಇದೆಲ್ಲ ಸರಿಯಿದ್ದು, ಧಾರಾವಾಹಿ ನೋಡುವಾಗ ಬಾರದ ತೂಕಡಿಕೆ ಧ್ಯಾನಕ್ಕೆ ಮಾತ್ರ ಬಂದರೆ, ಆಗ ಅದಕ್ಕೆ ಥೀನ-ಮಿದ್ಧ ಅನ್ನೋಣ. ಅವರು ನಕ್ಕರು. ನಕ್ಕು, "ಏಳು ಗಂಟೆ ಮಲಗಿದರೆ ರೊಟ್ಟಿ ಬಡಿಯೋರು ಯಾರು ಟೀಚರ್?" ಅಂದರು.

ಈ ಪ್ರಶ್ನೆಯನ್ನು ನಾನು ಗುಂಪಿನ ಅಣ್ಣಂದಿರಿಗೆ ದಾಟಿಸುತ್ತಿದ್ದೇನೆ. ನಮ್ಮ ಭಾನುವಾರದ ವಂದನೆ ಬೆಳಗ್ಗೆ 6ಕ್ಕೆ ಇದೆ. ಅದಕ್ಕೆ ಬರಲು ನೀವು ಐದೂವರೆಗೆ ಏಳುತ್ತೀರಿ. ಮನೆಯ ತಿಂಡಿ, ನೀರು ಮುಗಿಸಿ ಬರಬೇಕಾದ ನಾವು ನಾಲ್ಕಕ್ಕೆ ಏಳುತ್ತೇವೆ. ಶನಿವಾರ ರಾತ್ರಿ ನಮಗೆ ಐದು ಗಂಟೆ ಸಿಕ್ಕರೆ ಹೆಚ್ಚು. ವಂದನೆಯನ್ನು 8ಕ್ಕೆ ಇಟ್ಟು, ತಿಂಡಿಯನ್ನು ಸಭಾಂಗಣದಲ್ಲೇ ಎಲ್ಲರೂ ಸೇರಿ ಮಾಡಿದರೆ ಹೇಗೆ? ಭಾನುವಾರವೂ ಕೆಲಸಕ್ಕೆ ಹೋಗುವವರಿಗೆ ಯಾವ ಹೊತ್ತು ಒಗ್ಗುತ್ತದೆ ಎಂದು ಅವರನ್ನೇ ಕೇಳಿ ತೀರ್ಮಾನಿಸೋಣ. ಅಭಿಪ್ರಾಯಗಳನ್ನು ಇಲ್ಲೇ ಬರೆಯಿರಿ. ದಯವಿಟ್ಟು ರಾತ್ರಿ ಹತ್ತರ ಒಳಗೆ.

ಜೈ ಭೀಮ್.